ಮೊದಲ ಬಿಸಿ ಆರಿದ ಮೇಲೆ

ಜನವರಿ 9

ಮಾವನವರಿಗೆ ನಮಸ್ಕಾರ.

ಕೈಯಲ್ಲಿ ಗ್ರೀಸ್ ಇದೆ, ಕಾಗದಕ್ಕೆ ಹತ್ತಿದರೆ ಬೈಯಬೇಡಿ. ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಮನೆಯ ಫೋನನ್ನು ಅವಳೇ ಎತ್ತುತ್ತಾಳೆ, ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತಾಳೆ. ಅದಕ್ಕೇ ನಿಮ್ಮ ಗ್ಯಾರೇಜಿನ ವಿಳಾಸಕ್ಕೆ ಬರೆಯುತ್ತಿದ್ದೇನೆ.

ಅವಳು ತವರಿಗೆ ಬಂದು ಎರಡು ತಿಂಗಳಾಯಿತು. ಏಕೆ ಬಂದಳು ಎಂಬುದನ್ನು ಅವಳೇ ಹೇಳಿರುತ್ತಾಳೆ, ನಾನು ಬರೆಯಲಾರೆ. ಆದರೆ ಹೊರಡುವಾಗ ಗೇಟಿನ ಹತ್ತಿರ ನಿಂತು ಅವಳು ಆಡಿದ ಕೊನೆಯ ಮಾತು ನಿಮಗೆ ಗೊತ್ತಿರಲಾರದು. "ನಿಮ್ಮ ಆ ಗಾಡಿ ಸರಿಹೋದ ದಿನ ಅದರಲ್ಲೇ ಬನ್ನಿ, ನಾನೂ ಬರ್ತೀನಿ" ಎಂದಳು. ಬರುವುದೇ ಇಲ್ಲ ಎನ್ನಲಿಲ್ಲ. ಅಷ್ಟನ್ನು ಹಿಡಿದುಕೊಂಡು ಕೂತಿದ್ದೇನೆ. ಗಾಡಿ ಸರಿಹೋಗಬೇಕು, ನನಗೆ ಈಗ ಬೇರೆ ಯೋಚನೆಯಿಲ್ಲ.

ಗಾಡಿ ಎಂದರೆ ಮದುವೆಯಾದ ವರ್ಷ ನೀವು ನಮಗೆ ಕೊಟ್ಟ ಅದೇ ಹಳೇ ಡೀಸೆಲ್ ಕಾರು. ಕೀ ತಿರುಗಿಸಿದರೆ ಇಂಜಿನ್ ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ. ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ. ರೇಡಿಯೇಟರಿನಲ್ಲಿ ನೀರು ಇಳಿಯುತ್ತಾ ಹೋಗುತ್ತದೆ, ಶೆಡ್ಡಿನ ನೆಲದ ಮೇಲೆ ಒಂದು ಹನಿಯೂ ಇಲ್ಲ. ಆ ನೀರು ಎಲ್ಲಿಗೆ ಹೋಗುತ್ತಿದೆಯೋ ತಿಳಿಯುತ್ತಿಲ್ಲ.

ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು, ನಿಮ್ಮಿಂದ ಕಲಿತಷ್ಟೇ ನನಗೆ ಬರುವುದು. ಹೊರಗಿನವರಿಗೆ ಕೊಡುವುದಿಲ್ಲ. ಈ ಗಾಡಿಯ ಬಾನೆಟ್ಟನ್ನು ಬೇರೆಯವರು ಎತ್ತಬಾರದು ಎಂದು ನೀವೇ ತಾನೇ ಹೇಳಿದ್ದು. ಎಲ್ಲಿಂದ ಶುರುಮಾಡಲಿ, ಬರೆಯಿರಿ.

ನಿಮ್ಮ ಅಳಿಯ


ಜನವರಿ 18

ಅಳಿಯಂದಿರಿಗೆ,

ಗ್ರೀಸ್ ಹತ್ತಿದ ಕಾಗದವೇ ನನಗೆ ಓದಲು ಸುಲಭ. ನೀಟಾದ ಕಾಗದ ಬಂದರೆ ತೆರಿಗೆಯವರು ಬರೆದರೇನೋ ಎಂದು ಎದೆ ಡವಗುಟ್ಟುತ್ತದೆ. ಗ್ಯಾರೇಜಿಗೆ ಬರೆದದ್ದು ಒಳ್ಳೆಯದಾಯಿತು, ಹಾಗೇ ಬರೆಯುತ್ತಿರಿ.

ಬಿಳಿ ಹೊಗೆಗೆ ನೂರೆಂಟು ಕಾರಣ. ಮೊದಲು ಸುಲಭದ್ದನ್ನು ನೋಡೋಣ. ಡೀಸೆಲ್ ಫಿಲ್ಟರ್ ಬಿಚ್ಚಿ ಹೊಸದು ಹಾಕಿ. ಹಾಕಿದ ಮೇಲೆ ಪೈಪಿನಲ್ಲಿ ಗಾಳಿ ಸೇರಿಕೊಂಡಿರುತ್ತದೆ. ಅದನ್ನು ತೆಗೆಯದಿದ್ದರೆ ಡೀಸೆಲ್ ಇಂಜಿನ್ ಜಪ್ಪಯ್ಯ ಅಂದರೂ ಹಿಡಿಯುವುದಿಲ್ಲ. ಫಿಲ್ಟರಿನ ನೆತ್ತಿಯ ಮೇಲಿನ ಸ್ಕ್ರೂ ಸಡಿಲ ಮಾಡಿ ಕೈಪಂಪನ್ನು ಒತ್ತುತ್ತಾ ಇರಿ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಆಮೇಲೆ ಬರೀ ಡೀಸೆಲ್. ಗುಳ್ಳೆ ಇರುವಾಗಲೇ ಅವಸರಪಟ್ಟು ಬಿಗಿದಿರೋ, ಮತ್ತೆ ಮೊದಲಿಂದ ಶುರು.

ನನ್ನನ್ನು ಕೇಳಿ ನೀವು ಕೆಟ್ಟಿರಿ. ಇಂಜಿನ್ ಸತ್ತಿದೆ ಎಂದು ಗಿರಾಕಿಯ ಮುಖ ನೋಡಿ ಹೇಳಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ನಿಮ್ಮ ಅತ್ತೆ ಆಡಿಕೊಳ್ಳುತ್ತಾಳೆ, ಹೆಣ ತಂದಿಟ್ಟರೂ ಇವರು ನಾಡಿ ಹಿಡಿದು ನೋಡಿ ನಾಳೆ ಬನ್ನಿ ಅಂತಾರೆ ಎಂದು.

ಮಗಳು ಊಟ ಮಾಡುತ್ತಾಳೆ, ನಿದ್ದೆ ಮಾಡುತ್ತಾಳೆ. ಗೇಟಿನ ಹತ್ತಿರದ ಮಾತಿನ ಬಗ್ಗೆ ನಾನು ಅವಳನ್ನು ಕೇಳಲಿಲ್ಲ. ಮೊದಲು ಗಾಳಿ ತೆಗೆಯಿರಿ.

ಮಾವ


ಫೆಬ್ರವರಿ 2

ಮಾವನವರಿಗೆ,

ಒಂದು ಸಲ ಹಿಡಿಯಿತು. ನಾಲ್ಕೈದು ಸಲ ಡಬಡಬ ಎಂದು ನಿಂತುಹೋಯಿತು, ಅಷ್ಟೇ. ಅಷ್ಟಕ್ಕೇ ಪಕ್ಕದ ಮನೆಯಾಕೆ ಒಣಹಾಕಿದ್ದ ಬಟ್ಟೆಯನ್ನೆಲ್ಲ ಬಾಚಿಕೊಂಡು ಒಳಗೆ ಓಡಿದರು. ನನಗಂತೂ ಎದೆ ತುಂಬಿಬಂತು. ನೀವು ಹೇಳಿದ ಹಾಗೆಯೇ ಆಯಿತು ನೋಡಿ, ಮೊದಲ ಸಲ ಗುಳ್ಳೆ ಇರುವಾಗಲೇ ಬಿಗಿದುಬಿಟ್ಟಿದ್ದೆ. ಎರಡನೇ ಸಲ ತಾಳ್ಮೆಯಿಂದ ಕೂತೆ. ಕೈಪಂಪು ಒತ್ತಿ ಒತ್ತಿ ಹೆಬ್ಬೆರಳು ಊದಿದೆ. ಅಂಗಡಿಯಲ್ಲಿ ಕನ್ನಡಕದ ಸಣ್ಣ ಸ್ಕ್ರೂ ಹಿಡಿಯಲು ಆಗದೆ ಎರಡು ದಿನ ಯಜಮಾನರಿಂದ ಬೈಸಿಕೊಂಡೆ.

ಶೆಡ್ಡನ್ನು ಗುಡಿಸಿ ಚೊಕ್ಕ ಮಾಡಿದ್ದೇನೆ. ತೊಟ್ಟಿಲಿನ ರಟ್ಟಿನ ಪೆಟ್ಟಿಗೆ ಇನ್ನೂ ಬಿಚ್ಚದೆ ಅಲ್ಲೇ ಇದೆ. ಬಿಚ್ಚಿದ ಭಾಗಗಳನ್ನು ಅದರ ಮೇಲೆ ಸಾಲಾಗಿ ಇಡುತ್ತೇನೆ, ಎತ್ತರ ಸರಿಯಾಗಿದೆ.

ಇದರ ಜೊತೆ ಒಂದು ಸಣ್ಣ ಪೆಟ್ಟಿಗೆ ಕಳಿಸಿದ್ದೇನೆ. ಅವಳು ಓದುವ ಕನ್ನಡಕವನ್ನು ಇಲ್ಲೇ ಬಿಟ್ಟುಹೋಗಿದ್ದಾಳೆ. ಹಳೆಯ ಫ್ರೇಮಿಗೆ ಹೊಸ ಗಾಜು ನಾನೇ ಉಜ್ಜಿ ಕೂರಿಸಿದೆ. ಕಿವಿಯ ಹಿಂದೆ ಒತ್ತುತ್ತದೆ ಎನ್ನುತ್ತಿದ್ದಳು, ಅದನ್ನೂ ಸ್ವಲ್ಪ ಬಗ್ಗಿಸಿದ್ದೇನೆ. ಸರಿಹೋಯಿತೇ ಎಂದು ಕೇಳಿ ತಿಳಿಸಿ. ಗಾಡಿಯ ಬಗ್ಗೆ ಅವಳು ಏನಾದರೂ ವಿಚಾರಿಸುತ್ತಾಳೆಯೇ?

ನಿಮ್ಮ ಅಳಿಯ


ಫೆಬ್ರವರಿ 15

ಅಳಿಯಂದಿರಿಗೆ,

ನಾಲ್ಕು ಸಲ ಡಬಡಬ ಎಂದರೆ ಜೀವ ಇದೆ ಎಂದಾಯಿತು. ಇನ್ನು ಹೀಟರ್ ಪ್ಲಗ್ ನೋಡಿ. ಒಂದೊಂದಾಗಿ ಬಿಚ್ಚಿ ಬ್ಯಾಟರಿಗೆ ಕೊಟ್ಟು, ತುದಿ ಕೆಂಪಗಾಗುತ್ತದೆಯೇ ನೋಡಿ, ಆಗದ್ದನ್ನು ಬದಲಾಯಿಸಿ. ಬರಿಗೈಯಲ್ಲಿ ಹಿಡಿಯಬೇಡಿ, ಹೆಬ್ಬೆರಳು ಇರುವುದು ಎರಡೇ. ಅದಾದ ಮೇಲೆ ವಾಲ್ವಿನ ಸಂದು ಅಳೆದು ಹೊಂದಿಸಿ. ಅದು ಅವಸರದ ಕೆಲಸವಲ್ಲ. ಒಂದು ವಾಲ್ವಿಗೆ ಒಂದು ಸಂಜೆ ಎಂದಿಟ್ಟುಕೊಂಡರೂ ತಪ್ಪಿಲ್ಲ.

ಗಾಡಿಯ ಬಗ್ಗೆ ಅವಳು ಕೇಳುವುದಿಲ್ಲ. ಮೊನ್ನೆ ಎದುರುಮನೆಯವರ ಹಳೇ ಡೀಸೆಲ್ ವ್ಯಾನು ಶುರುವಾದಾಗ ಓದುತ್ತಿದ್ದ ಪುಸ್ತಕ ಕೆಳಗಿಟ್ಟು ಎದ್ದಳು, ಸ್ವಲ್ಪ ಹೊತ್ತು ಕಿಟಕಿಯ ಹತ್ತಿರ ನಿಂತಳು, ಆಮೇಲೆ ಕಿಟಕಿ ಹಾಕಿಕೊಂಡು ಒಳಗೆ ಹೋದಳು.

ಆತುರ ಬೇಡ. ನಿಧಾನಕ್ಕೆ ಆಗಲಿ.

ಮಾವ


ಮಾರ್ಚ್ 1

ಮಾವನವರಿಗೆ,

ಕಿಟಕಿಯ ಹತ್ತಿರ ನಿಂತಳು ಎಂದು ಬರೆದಿದ್ದೀರಲ್ಲ, ಆ ಸಾಲನ್ನು ಎಷ್ಟು ಸಲ ಓದಿದೆನೋ. ಹಾಗಾದರೆ ಆ ಶಬ್ದಕ್ಕೆ ಅವಳ ಕಿವಿ ಇನ್ನೂ ಕಾಯುತ್ತಿದೆ. ನಾನು ಬಂದೆನೆಂದು ನೋಡಿರುತ್ತಾಳೆ, ಅಲ್ಲವೆಂದು ತಿಳಿದು ಬೇಜಾರಾಗಿ ಕಿಟಕಿ ಹಾಕಿರುತ್ತಾಳೆ. ಇಷ್ಟು ದಿನ ಒಬ್ಬನೇ ಗೋಡೆಗೆ ಮಾತಾಡುತ್ತಿದ್ದೇನೆ ಅನ್ನಿಸುತ್ತಿತ್ತು, ಈಗ ಧೈರ್ಯ ಬಂತು.

ಹೀಟರ್ ಪ್ಲಗ್ ಎರಡು ಸತ್ತಿದ್ದವು, ಹೊಸದು ಹಾಕಿದೆ. ವಾಲ್ವಿನ ಸಂದು ಹೊಂದಿಸಿದೆ. ಆದರೂ ಹಿಡಿಯಲಿಲ್ಲ. ಆಮೇಲೆ ನನಗೇ ಏನೋ ಹೊಳೆದು ರೇಡಿಯೇಟರಿನ ಮುಚ್ಚಳ ತೆಗೆದು, ಪಕ್ಕದ ಮನೆಯಾಕೆಯನ್ನು ಬೇಡಿಕೊಂಡು ಕೀ ತಿರುಗಿಸಲು ಹೇಳಿದೆ. ನೀರಿನಲ್ಲಿ ಗುಳ್ಳೆ ಏಳುತ್ತಿದೆ ಮಾವ. ಅಂದರೆ ಇಂಜಿನ್ನಿನ ಮೇಲಿನ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಕೂರುವ ಗ್ಯಾಸ್ಕೆಟ್ ಹೋಗಿದೆ, ಇಲ್ಲವೇ ಹೆಡ್ಡೇ ಬಿರುಕು ಬಿಟ್ಟಿದೆ. ಕಾಣೆಯಾಗುತ್ತಿದ್ದ ನೀರೆಲ್ಲ ಇಂಜಿನ್ನಿನ ಒಳಕ್ಕೇ ಹೋಗುತ್ತಿತ್ತು.

ನನ್ನ ಮೊದಲ ಕಾಗದ ನೋಡಿದಾಗಲೇ ನಿಮಗೆ ಇದು ಗೊತ್ತಾಗಿರಬೇಕು. ಆದರೂ ಫಿಲ್ಟರು, ಪ್ಲಗ್ಗು, ವಾಲ್ವು ಎಂದು ಸುತ್ತಿಸಿದಿರಿ. ಏಕೆಂದು ನನಗೆ ಅರ್ಥವಾಯಿತು. ದೊಡ್ಡ ಕೆಲಸಕ್ಕೆ ಕೈ ಹಾಕುವ ಮೊದಲು ನನ್ನ ಕೈ ಪಳಗಲಿ ಎಂದು ತಾನೇ? ಪಳಗಿದೆ. ಈ ತಿಂಗಳ ಕೊನೆಯ ಭಾನುವಾರ ಹೆಡ್ ಬಿಚ್ಚುತ್ತೇನೆ.

ಕನ್ನಡಕ ತಲುಪಿತೇ? ನೀವು ಬರೆಯಲಿಲ್ಲ.

ನಿಮ್ಮ ಅಳಿಯ


ಮಾರ್ಚ್ 12

ಅಳಿಯಂದಿರಿಗೆ,

ಹೌದು, ಮೊದಲ ಕಾಗದದಲ್ಲೇ ಗೊತ್ತಾಗಿತ್ತು. ನಿಮ್ಮನ್ನು ಸುತ್ತಿಸಿದ್ದು ಕೈ ಪಳಗಲಿ ಎಂದಲ್ಲ. ನೀವು ಯಾವುದನ್ನು ಓದಿದರೂ ಒಳ್ಳೆಯದನ್ನೇ ಅಂದುಕೊಳ್ಳುತ್ತೀರಿ, ಅದಕ್ಕೆ ನಾನು ಏನು ಹೇಳಲಿ.

ಹೆಡ್ ಬಿಚ್ಚಬೇಡಿ. ಬಿಚ್ಚುವುದೇನೋ ಬಿಚ್ಚುತ್ತೀರಿ, ಕೂರಿಸುವುದು ಕಷ್ಟ. ಬೋಲ್ಟುಗಳನ್ನು ನಡುವಿನಿಂದ ಶುರುಮಾಡಿ ಹೊರಗಿನ ಕಡೆಗೆ, ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಅಷ್ಟಕ್ಕೆ ಮುಗಿಯಲಿಲ್ಲ. ಇಂಜಿನ್ ಓಡಿಸಿ ಬಿಸಿ ಮಾಡಿ, ಆ ಮೊದಲ ಬಿಸಿ ಪೂರ್ತಿ ಆರಿದ ಮೇಲೆ ಎಲ್ಲ ಬೋಲ್ಟನ್ನೂ ಮತ್ತೆ ಬಿಗಿಮಾಡಬೇಕು. ಅದನ್ನು ಮಾಡದೆ ದೂರ ಹೊರಟವರು ಅರ್ಧ ದಾರಿಯಲ್ಲಿ ಗಾಡಿ ಬಿಟ್ಟು ಬಂದದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಇಷ್ಟೆಲ್ಲ ಆಗುವುದೂ ಹೆಡ್ ನೆಟ್ಟಗಿದ್ದರೆ ಮಾತ್ರ. ಅದು ಬಿರುಕು ಬಿಟ್ಟಿರುತ್ತದೆ, ಬೇರೆ ಹೆಡ್ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಗಾಡಿಯನ್ನು ಗುಜರಿಗೆ ಹಾಕಿ. ಅದಕ್ಕೂ ವಯಸ್ಸಾಯಿತು, ಯಾರೂ ನಿಮ್ಮನ್ನು ತಪ್ಪು ತಿಳಿಯುವುದಿಲ್ಲ.

ಆ ಮಧ್ಯಾಹ್ನ ನಡೆದದ್ದನ್ನು ಮಗಳು ಮೊನ್ನೆ ನನಗೆ ಹೇಳಿದಳು. ಬಂದಾಗಿನಿಂದ ಬಾಯಿ ಬಿಟ್ಟಿರಲಿಲ್ಲ. ನೋವು ಶುರುವಾಗಿ ಅವಳು ಶೆಡ್ಡಿನ ಬಾಗಿಲಿಗೆ ಬಂದಾಗ ನೀವು ಇಂಜೆಕ್ಟರುಗಳನ್ನೆಲ್ಲ ಬಿಚ್ಚಿ ಪೇಪರಿನ ಮೇಲೆ ಹರಡಿಕೊಂಡಿದ್ದಿರಂತೆ. ಬೇರೆ ಗಾಡಿ ಕರೆಯುವುದು ಬಿಟ್ಟು "ಅರ್ಧ ಗಂಟೆ, ಜೋಡಿಸಿಬಿಡ್ತೀನಿ" ಎಂದಿರಂತೆ. ಅವಳು ನೆಲದ ಮೇಲೆ ಕೂತು ನಿಮ್ಮ ಕೈಗಳನ್ನೇ ನೋಡುತ್ತಿದ್ದಳಂತೆ. ಮಗು ಉಳಿಯಲಿಲ್ಲ. ಬೇಗ ಹೋಗಿದ್ದರೆ ಉಳಿಯುತ್ತಿತ್ತೇ ಎಂದರೆ ಡಾಕ್ಟರೂ ಹೇಳಲಿಲ್ಲ. ಆದರೆ ಆ ಅರ್ಧ ಗಂಟೆ ಅವಳ ಮನಸ್ಸಿನಿಂದ ಹೋಗುತ್ತಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ ಎಂದೆ ಅವಳಿಗೆ. ಅವಳು ತಟ್ಟೆ ಬಿಟ್ಟು ಎದ್ದು ಹೋದಳು.

ಇಲ್ಲೇ ಒಂದು ಶಾಲೆಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಹಿಂದಿನ ಕೋಣೆಗೆ ಬಣ್ಣ ಹೊಡೆಸಿಕೊಂಡಳು. ಕನ್ನಡಕದ ಪೆಟ್ಟಿಗೆ ಬಂದಿದೆ, ನನ್ನ ಹತ್ತಿರ ಇದೆ.

ಮಾವ


ಏಪ್ರಿಲ್ 5

ಅಳಿಯಂದಿರಿಗೆ,

ಕಾಗದವೇ ಇಲ್ಲ. ಗಾಡಿ ಗುಜರಿಗೆ ಹೋಯಿತೇ? ಹೋಗಿದ್ದರೆ ಒಳ್ಳೆಯದೇ ಆಯಿತು, ಅದಕ್ಕಾಗಿ ಸಂಕೋಚಪಟ್ಟುಕೊಂಡು ಬರೆಯುವುದನ್ನು ನಿಲ್ಲಿಸಬೇಡಿ. ಬೇರೆ ಯಾವುದಾದರೂ ಗಾಡಿಯ ಬಗ್ಗೆ ಬರೆಯಿರಿ. ಏನೂ ಇಲ್ಲದಿದ್ದರೆ ಪಕ್ಕದ ಮನೆಯಾಕೆಯ ಬಗ್ಗೆ ಬರೆಯಿರಿ, ಅವರ ಬಟ್ಟೆಯ ಹೊಗೆ ಹೋಯಿತೋ ಇಲ್ಲವೋ. ಊಟ ಸರಿಯಾಗಿ ಮಾಡುತ್ತಿದ್ದೀರಾ?

ಮಾವ


ಏಪ್ರಿಲ್ 21

ಮಾವನವರಿಗೆ,

ಗಾಡಿ ಓಡುತ್ತಿದೆ.

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಆಗುವವರೆಗೂ ಬರೆಯುವುದು ಬೇಡ ಎಂದು ಹಟ ಹಿಡಿದಿದ್ದೆ. ನಿಮ್ಮ ಮಾತು ಮೀರಿ ಹೆಡ್ ಬಿಚ್ಚಿದೆ. ಮಸಿಯನ್ನೆಲ್ಲ ಕೆರೆದು, ಅಂಗಡಿಯಿಂದ ದೊಡ್ಡ ಭೂತಗನ್ನಡಿ ತಂದು, ಒಂದು ವಾಲ್ವಿನ ಬಾಯಿಂದ ಇನ್ನೊಂದರ ಬಾಯಿಯವರೆಗೆ ಬೆರಳಗಲ ಬೆರಳಗಲ ನೋಡಿದೆ. ಬಿರುಕಿಲ್ಲ ಮಾವ. ಗಾಜಿನಲ್ಲಿ ಕೂದಲೆಳೆಯಂಥ ಗೆರೆಯನ್ನು ಹುಡುಕುವುದೇ ನನ್ನ ಹೊಟ್ಟೆಪಾಡು, ಇದ್ದಿದ್ದರೆ ಕಾಣದೆ ಇರುತ್ತಿರಲಿಲ್ಲ. ಹೆಡ್ ಸ್ವಲ್ಪ ಸೊಟ್ಟಗಾಗಿತ್ತು, ಅಷ್ಟೇ. ಲೇತಿನವರಿಗೆ ಕೊಟ್ಟು ಉಜ್ಜಿಸಿ ಸಮ ಮಾಡಿಸಿದೆ. ಗ್ಯಾಸ್ಕೆಟ್‌ಗಾಗಿ ಹುಡುಕದ ಅಂಗಡಿಯಿಲ್ಲ. ಕೊನೆಗೆ ಒಬ್ಬ ಮುದುಕರು ಅಟ್ಟದಿಂದ ಧೂಳು ಒರೆಸಿ ಒಂದನ್ನು ತೆಗೆದುಕೊಟ್ಟರು.

ನೀವು ಬರೆದ ಹಾಗೆ ನಡುವಿನಿಂದ ಹೊರಕ್ಕೆ ಮೂರು ಸುತ್ತು ಬಿಗಿದೆ. ಗಾಳಿ ತೆಗೆದೆ. ಕೀ ತಿರುಗಿಸಿದೆ. ಎರಡನೇ ಸಲಕ್ಕೇ ಹಿಡಿಯಿತು. ಖುಷಿಯಲ್ಲಿ ಕೀ ತೆಗೆದು ಜೇಬಿಗೆ ಹಾಕಿಕೊಂಡರೂ ಇಂಜಿನ್ ಓಡುತ್ತಲೇ ಇತ್ತು. ಈ ಗಾಡಿಯನ್ನು ನಿಲ್ಲಿಸಬೇಕಾದರೆ ಸ್ಟಿಯರಿಂಗ್ ಪಕ್ಕದ ಗುಂಡಿ ಎಳೆಯಬೇಕು ಎಂಬುದೇ ಮರೆತುಹೋಗಿತ್ತು. ನೆನಪಾದ ಮೇಲೂ ಎಳೆಯಲು ಮನಸ್ಸು ಬರಲಿಲ್ಲ.

ಆ ಮಧ್ಯಾಹ್ನದ ಬಗ್ಗೆ ಅವಳು ನಿಮಗೆ ಹೇಳಿದ್ದೆಲ್ಲ ನಿಜ. ಹೇಳಿದಳಲ್ಲ, ಅವಳ ಮನಸ್ಸು ಸ್ವಲ್ಪ ಹಗುರಾಗಿರುತ್ತದೆ. ಹಿಂದಿನ ಕೋಣೆಗೆ ಬಣ್ಣ ಆಗಿರುವುದೂ ಒಳ್ಳೆಯದಾಯಿತು, ನಾನು ಬಂದ ರಾತ್ರಿ ಅಲ್ಲಿ ಉಳಿದು ಮರುದಿನ ಇಬ್ಬರೂ ಹೊರಡಬಹುದು. ಶಾಲೆಯವರಿಗೆ ಮೊದಲೇ ಹೇಳಿಡಲಿ.

ಮೇ ತಿಂಗಳ ಮೊದಲ ಭಾನುವಾರ ಹೊರಡುತ್ತೇನೆ. ಅವಳಿಗೆ ಮುಂಚೆ ತಿಳಿಸಬೇಡಿ. ನಿಮ್ಮ ಗೇಟಿನ ಮುಂದೆ ಆ ಶಬ್ದ ಕೇಳಿ ಅವಳೇ ಹೊರಗೆ ಬರಲಿ. ಒಂದೇ ಒಂದು ವಿಷಯ ತಿಳಿಸಿ. ಹೆಡ್ ಬೋಲ್ಟನ್ನು ಮತ್ತೆ ಬಿಗಿಯುವ ಮೊದಲು ಇಂಜಿನ್ ಒಂದು ರಾತ್ರಿ ಆರಿದರೆ ಸಾಕೇ, ಇನ್ನೂ ಹೆಚ್ಚು ಬೇಕೇ?

ನಿಮ್ಮ ಅಳಿಯ


ಏಪ್ರಿಲ್ 28

ಅಳಿಯಂದಿರಿಗೆ,

ಕಾಗದ ತಲುಪಿತು. ಗಾಡಿ ಶುರುವಾದದ್ದು ಸಂತೋಷ.

ಬೋಲ್ಟುಗಳನ್ನು ಮತ್ತೆ ಬಿಗಿಯುವ ಅಗತ್ಯವಿಲ್ಲ. ಮೂರು ಸುತ್ತು ಬಿಗಿದಿದ್ದೀರಿ, ಅಷ್ಟು ಸಾಕು. ಹಾಗೇ ಹೊರಡಿ.

ಬೆಟ್ಟದ ದಾರಿ ಬೇಡ. ಸುತ್ತಾದರೂ ಸರಿ, ಊರುಗಳ ನಡುವೆ ಹಾದು ಬರುವ ರಸ್ತೆ ಹಿಡಿಯಿರಿ, ಅಲ್ಲಿ ಬಸ್ಸುಗಳು ಓಡಾಡುತ್ತವೆ. ಬೆಳಗ್ಗೆ ಬೆಳಕು ಹರಿದ ಮೇಲೆ ಹೊರಡಿ. ಬ್ರೇಕನ್ನು ಎರಡೆರಡು ಸಲ ನೋಡಿ, ಟೈರು ನೋಡಿ. ಕುಡಿಯಲು ನೀರು, ತಿನ್ನಲು ಏನಾದರೂ ಜೊತೆಯಲ್ಲಿ ಇಟ್ಟುಕೊಳ್ಳಿ. ತಲೆಗೆ ಒಂದು ಟೋಪಿ ಇರಲಿ, ಬಿಸಿಲು ಜೋರಿದೆ. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಯಾವ ಕಾರಣಕ್ಕೂ ಬರಿಗೈಯಲ್ಲಿ ತೆಗೆಯಬೇಡಿ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ.

ಮಾವ


ಮೇ 9

ಮಾವನವರಿಗೆ,

ನಿಮ್ಮ ಕಾಗದ ಬಂದಾಗ ಸ್ಪ್ಯಾನರ್ ಕೈಯಲ್ಲೇ ಇತ್ತು. ನಿಂತುಕೊಂಡೇ ಓದಿದೆ. ಮತ್ತೊಮ್ಮೆ ಕೂತು ಓದಿದೆ. ಆಮೇಲೆ ಒಳಗೆ ಹೋಗಿ ಮಾರ್ಚಿನ ಕಾಗದ ತಂದು ಎರಡನ್ನೂ ತೊಟ್ಟಿಲಿನ ಪೆಟ್ಟಿಗೆಯ ಮೇಲೆ ಪಕ್ಕಪಕ್ಕ ಇಟ್ಟೆ. ಒಂದರಲ್ಲಿ ಮತ್ತೆ ಬಿಗಿಯಲೇಬೇಕು, ಇನ್ನೊಂದರಲ್ಲಿ ಅಗತ್ಯವಿಲ್ಲ, ಎರಡೂ ನಿಮ್ಮ ಕೈಬರಹವೇ.

ಕೆಲಸ ಹೇಗೆ ಮಾಡಬೇಕೆಂದು ನೀವು ಹೇಳಿಕೊಟ್ಟದ್ದರಲ್ಲಿ ಇದುವರೆಗೆ ಒಂದು ತಪ್ಪು ಮಾತು ಬಂದದ್ದಿಲ್ಲ. ನಿಮಗೆ ಮರೆವು ಬಂತೇನೋ ಎಂದು ಮೊದಲು ಹೆದರಿದೆ. ಆದರೆ ಬ್ರೇಕಿನ ಬಗ್ಗೆ ಬರೆದಿದ್ದೀರಿ. ಬಸ್ಸು ಓಡಾಡುವ ರಸ್ತೆ, ನೀರು, ತಿಂಡಿ, ತಲೆಗೆ ಟೋಪಿ, ಎಲ್ಲವನ್ನೂ ಬರೆದಿದ್ದೀರಿ. ಗಾಡಿ ನಿಲ್ಲಬೇಕು, ನನಗೆ ಒಂದು ಗೀರೂ ಬೀಳಬಾರದು. ಅಂಥ ಕೆಡುಕನ್ನೇ ಹುಡುಕಿ ಆರಿಸಿದ್ದೀರಿ. ನಿಮಗೆ ಅದನ್ನು ಬರೆಯಲು ಎಷ್ಟು ಕಷ್ಟವಾಯಿತೋ.

ಅವಳು ಬರುವುದಿಲ್ಲ ಎಂದು ಆಗ ಅರ್ಥವಾಯಿತು. ಗೇಟಿನ ಹತ್ತಿರ ಹೇಳಿದ್ದು ಷರತ್ತಲ್ಲ, ಸಿಟ್ಟಿನ ಮಾತು. ಪಕ್ಕದ ಮನೆಯಾಕೆಗೂ ಅರ್ಥವಾಗುವಂಥದ್ದು ನನಗೆ ಇಷ್ಟು ತಿಂಗಳು ಹೊಳೆಯಲಿಲ್ಲ. ಕಿಟಕಿ ಹಾಕಿಕೊಂಡದ್ದು ಏಕೆಂದು ಹೊಳೆಯಲಿಲ್ಲ. ಕೋಣೆಗೆ ಬಣ್ಣ ಏಕೆಂದು ಹೊಳೆಯಲಿಲ್ಲ. ಅತ್ತುಬಿಟ್ಟೆ ಮಾವ, ಶೆಡ್ಡಿನಲ್ಲೇ, ಮುಖಕ್ಕೆಲ್ಲ ಎಣ್ಣೆ ಬಳಿದುಕೊಂಡು.

ಗಾಡಿಯನ್ನು ಹೊರಗೆ ತೆಗೆಯದೆ ಸುಮ್ಮನಿರಬಹುದಿತ್ತು. ಆದರೆ ಗಾಡಿ ಸರಿಹೋಗಿಯೂ ನಾನು ಬರಲಿಲ್ಲ ಎಂದರೆ ಅವಳಿಗೆ ಅದು ಇನ್ನೊಂದು ನೋವು. ಕೆಟ್ಟು ನಿಂತಿದೆ ಎಂದು ನೀವು ಸುಳ್ಳು ಹೇಳಬೇಕಾಗುತ್ತಿತ್ತು. ನಿಮ್ಮಿಂದ ಎರಡನೇ ತಪ್ಪು ಮಾತು ಆಡಿಸುವುದು ಬೇಡ ಎನ್ನಿಸಿತು. ಒಳಗೊಳಗೇ ಗ್ಯಾಸ್ಕೆಟ್ ತಡೆದೀತು, ಹೇಗೋ ತಲುಪಿಬಿಟ್ಟೇನು ಎಂಬ ಆಸೆಯೂ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಬೋಲ್ಟುಗಳನ್ನು ಮುಟ್ಟಲಿಲ್ಲ. ಸ್ಪ್ಯಾನರನ್ನು ಒರೆಸಿ ಗೋಡೆಗೆ ತೂಗುಹಾಕಿ, ಭಾನುವಾರ ಬೆಳಕು ಹರಿದ ಮೇಲೆ ನೀವು ಹೇಳಿದ ರಸ್ತೆಯಲ್ಲೇ ಹೊರಟೆ.

ಚೆನ್ನಾಗಿ ಓಡಿತು. ನೀವು ಅಂದುಕೊಂಡದ್ದಕ್ಕಿಂತ ತುಂಬಾ ದೂರ ಓಡಿತು. ಒಂದು ಹಂತದಲ್ಲಿ ಹಾಡು ಗುನುಗುತ್ತಿದ್ದೆ. ನಿಮ್ಮ ಊರಿನ ಹೊರಗೆ ಟೈರ್ ಅಂಗಡಿಗಳ ಸಾಲು ಇದೆಯಲ್ಲ, ಅದನ್ನು ದಾಟಿದ ಮೇಲೆ ಬಿಸಿ ತೋರಿಸುವ ಮುಳ್ಳು ಏರಿತು. ಹಿಂದೆ ಬಿಳಿ ಹೊಗೆ ಎದ್ದಿತು, ಇಂಜಿನ್ ತಡವರಿಸಿ ನಿಂತಿತು. ಈ ಸಲ ಗುಂಡಿ ಎಳೆಯಬೇಕಾಗಲಿಲ್ಲ. ಅಂಗಡಿಯವರು ಇಬ್ಬರು ಬಂದು ಪಕ್ಕಕ್ಕೆ ತಳ್ಳಿಕೊಟ್ಟರು.

ಅಲ್ಲಿಂದ ನಿಮ್ಮ ಬೀದಿಯ ನೀರಿನ ಟ್ಯಾಂಕು ಕಾಣುತ್ತಿತ್ತು. ನಡೆದಿದ್ದರೆ ಮಧ್ಯಾಹ್ನದ ಊಟಕ್ಕೆ ಸರಿಯಾಗಿ ನಿಮ್ಮ ಮನೆಯಲ್ಲಿರುತ್ತಿದ್ದೆ. ಬಾನೆಟ್ ಎತ್ತಿಟ್ಟು, ನೆರಳಿನಲ್ಲಿ ಕೂತು, ತಂದಿದ್ದ ಬ್ರೆಡ್ಡು ತಿಂದೆ. ಟ್ಯಾಂಕನ್ನು ನೋಡುತ್ತಾ ತುಂಬಾ ಹೊತ್ತು ಕೂತಿದ್ದೆ. ನಡೆಯಲಿಲ್ಲ. ಎದುರು ಕಡೆಯಿಂದ ನಮ್ಮೂರಿಗೆ ಹೋಗುವ ಬಸ್ಸು ಬಂದಾಗ ಕೈ ಅಡ್ಡ ಹಿಡಿದು ಹತ್ತಿದೆ. ಗಾಡಿಯನ್ನು ಟೈರ್ ಅಂಗಡಿಯವರೇ ಗುಜರಿಯವರಿಗೆ ಹೇಳಿ ಎತ್ತಿಸುತ್ತಾರೆ.

ಕನ್ನಡಕ ನಿಮ್ಮ ಹತ್ತಿರವೇ ಇರಲಿ. ಅವಳ ಪವರ್ ಇಷ್ಟು ಹೊತ್ತಿಗೆ ಬದಲಾಗಿರುತ್ತದೆ. ಇನ್ನು ನಾನು ಏನೆಂದು ಬರೆಯಲಿ, ನೀವು ಏನೆಂದು ಬರೆಯುತ್ತೀರಿ, ತಿಳಿಯುತ್ತಿಲ್ಲ. ಶೆಡ್ಡು ಖಾಲಿಯಾಗಿದೆ, ತೊಟ್ಟಿಲಿನ ಪೆಟ್ಟಿಗೆ ಒಂದೇ ಇದೆ. ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ.

ಅವಳಿಗೆ ಒಂದು ಮಾತು ತಿಳಿಸಿ. ಗಾಡಿ ಸರಿಹೋಗಲಿಲ್ಲ ಎಂದು ಹೇಳಿ. ಈಗ ಅದು ನಿಜ.

ನಿಮ್ಮ ಅಳಿಯ